ಕಾಯುವ ಮೂರು ವಾರ: ಕೆನ್ನೆಯ ಕ್ಯಾನ್ಸರಿನ ಆಪರೇಷನ್‌ಗೆ ಒಬ್ಬ ತಾಯಿ ಅಣಿಯಾದ ಬಗೆ

ಬಾಯಿಯ ಕ್ಯಾನ್ಸರ್ ಎಂದು ಬಯಾಪ್ಸಿಯಲ್ಲಿ ಖಚಿತವಾದ ದಿನಕ್ಕೂ ಆಪರೇಷನ್ ನಡೆಯುವ ದಿನಕ್ಕೂ ನಡುವೆ ಕೆಲವು ವಾರಗಳಾದರೂ ಹೋಗುತ್ತವೆ. ಸ್ಕ್ಯಾನ್ ಆಗಬೇಕು, ಅರಿವಳಿಕೆ ವೈದ್ಯರು ಒಪ್ಪಬೇಕು, ಸರ್ಕಾರಿ ಯೋಜನೆಯ ಮಂಜೂರಾತಿ ಬರಬೇಕು, ಥಿಯೇಟರಿನಲ್ಲಿ ಸರದಿ ಸಿಗಬೇಕು. ಮನೆಯವರಿಗೆ ಈ ದಿನಗಳು ಓಡಾಟದಲ್ಲಿ ಕಳೆದರೆ ರೋಗಿಗೆ ಹೆದರಿಕೆಯಲ್ಲಿ ಕಳೆಯುತ್ತವೆ. ತೂಕ ಇಳಿಯುವುದು, ಕಾಲಿನ ಕಸುವು ಹೋಗುವುದು, ರಾತ್ರಿ ನಿದ್ದೆ ಕೆಡುವುದು ಎಲ್ಲವೂ ಆಗಲೇ. ನಾನು ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆಯೊಂದರ ತಲೆ-ಕುತ್ತಿಗೆ ವಿಭಾಗದಲ್ಲಿ ಆಪ್ತ ಸಮಾಲೋಚಕಿ. ಕಾಯುವ ದಿನಗಳನ್ನೂ ಚಿಕಿತ್ಸೆಯ ದಿನಗಳೆಂದೇ ಎಣಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅದಕ್ಕೆ ಆಧಾರವಾದ ಒಂದು ಪ್ರಕರಣವನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ರೋಗಿಯ ಊರು, ಸಂಸಾರದ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಬಂದಾಗ ಇದ್ದ ಸ್ಥಿತಿ

ವಯಸ್ಸು 56. ಶಿರಾ ಕಡೆಯ ಹಳ್ಳಿ. ಗಂಡ ತೀರಿಹೋಗಿ ಬಹಳ ವರ್ಷಗಳಾಗಿವೆ. ಎರಡು ಎಕರೆ ಖುಷ್ಕಿ ಜಮೀನು, ಮಳೆ ಬಂದರೆ ಕಡಲೆಕಾಯಿ, ಬಾರದಿದ್ದರೆ ಕೂಲಿ. ಮಗ ಗೂಡ್ಸ್ ಆಟೊ ಓಡಿಸುತ್ತಾನೆ. ಮನೆ, ಮಕ್ಕಳು, ಕುರಿ ಎಲ್ಲ ಸೊಸೆಯ ಮೇಲೆ. ಈ ತಾಯಿ ಹರೆಯಕ್ಕೆ ಬಂದಾಗಿನಿಂದ ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು ಹಾಕಿಕೊಂಡವರು. ಊಟದ ಮೇಲೆ ಹಾಕಿದ್ದು ಎಡಗೆನ್ನೆಯ ಸಂದಿಯಲ್ಲೇ ಕೂತಿರುತ್ತಿತ್ತು. ಎಷ್ಟೋ ರಾತ್ರಿ ಹಾಗೇ ಮಲಗಿಬಿಡುತ್ತಿದ್ದರು. ಹುಣ್ಣು ಎದ್ದದ್ದೂ ಅದೇ ಜಾಗದಲ್ಲಿ. ನಮ್ಮ ಹಳ್ಳಿಯ ಹೆಂಗಸರಲ್ಲಿ ಕೆನ್ನೆಯ ಒಳಗಿನ ಕ್ಯಾನ್ಸರ್ ಕಾಣಿಸಿಕೊಳ್ಳಲು ಈ ಅಭ್ಯಾಸವೇ ದೊಡ್ಡ ಕಾರಣ. ಹೊಗೆಸೊಪ್ಪು ಸೇರಿಸದ ಬರೀ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. ಅಡಿಕೆಯನ್ನೇ ನಂಬಿ ಬದುಕುವ ಕುಟುಂಬಗಳಿರುವ ನಾಡಿನಲ್ಲಿ ಈ ಮಾತು ಹೇಳುವುದು ಸುಲಭವಲ್ಲ, ಆದರೂ ಹೇಳದೆ ಇರಲಾರೆ.

ಹುಣ್ಣಿಗೆ ಐದು ತಿಂಗಳಾಗಿತ್ತು. ಅಷ್ಟರಲ್ಲಿ ಬಿ-ಕಾಂಪ್ಲೆಕ್ಸ್ ಮಾತ್ರೆ, ನೀಲಿ ಔಷಧಿ, ಜೇನುತುಪ್ಪ ಎಲ್ಲ ಮುಗಿದು, ಹಲ್ಲಿನಿಂದಲೇ ಹೀಗಾಗಿದೆ ಎಂದು ಒಂದು ದವಡೆ ಹಲ್ಲನ್ನೂ ಕೀಳಿಸಿದ್ದರು. ಸ್ಕ್ಯಾನ್‌ನಲ್ಲಿ ಗಡ್ಡೆ ಕೆಳದವಡೆಯ ಮೂಳೆಗೆ ತಾಗಿತ್ತು. ಕುತ್ತಿಗೆಯಲ್ಲಿ ಒಂದು ಗಂಟು. ಶ್ವಾಸಕೋಶ ಸ್ವಚ್ಛವಾಗಿತ್ತು. ಅಂದರೆ ಗುಣಪಡಿಸುವ ಉದ್ದೇಶದಿಂದಲೇ ಆಪರೇಷನ್ ಮಾಡಬಹುದಿತ್ತು. ಆದರೆ ದೇಹ ಅದಕ್ಕೆ ಅಣಿಯಾಗಿರಲಿಲ್ಲ. 48 ಕೆ.ಜಿ. ಇದ್ದವರು 41ಕ್ಕೆ ಇಳಿದಿದ್ದರು. ಹಿಮೋಗ್ಲೋಬಿನ್ 8.9. ಬಾಯಿ ತೆರೆದರೆ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ 22 ಮಿ.ಮೀ. ಮಾತ್ರ, ಸಾಮಾನ್ಯವಾಗಿ ಅಲ್ಲಿ ಮೂರು ಬೆರಳು ನಿಲ್ಲಿಸಿ ತೂರಿಸುವಷ್ಟು ಜಾಗ ಇರಬೇಕು. ಆರು ನಿಮಿಷದಲ್ಲಿ ಎಷ್ಟು ದೂರ ನಡೆಯುತ್ತಾರೆ ಎಂದು ಫಿಸಿಯೊಥೆರಪಿಸ್ಟ್ ಅಳೆದಾಗ 298 ಮೀಟರ್. ಜೀವಮಾನವೆಲ್ಲ ಹೊಲದಲ್ಲಿ ದುಡಿದವರಿಗೆ ಇದು ತೀರಾ ಕಡಿಮೆ. ಎರಡು ತಿಂಗಳಿಂದ ಮನೆಯ ಮೂಲೆ ಬಿಟ್ಟು ಎದ್ದಿರಲಿಲ್ಲ ಎಂದು ಸೊಸೆ ಹೇಳಿದಾಗ ಕಾರಣ ತಿಳಿಯಿತು.

“ಅವ್ವಂಗೆ ಹೇಳ್ಬ್ಯಾಡಿ ಮೇಡಂ”

ಮಗ ಮೊದಲು ಒಬ್ಬನೇ ಒಳಗೆ ಬಂದ. “ಅವ್ವಂಗೆ ಹುಣ್ಣು ಅಂತ ಹೇಳಿದೀವಿ. ಕ್ಯಾನ್ಸರ್ ಅಂದ್ರೆ ಎದೆ ಒಡ್ಕೊಂಡು ಸತ್ತೋಗ್ತಾಳೆ. ಹೇಳ್ಬ್ಯಾಡಿ ಮೇಡಂ” ಎಂದ. ನಮ್ಮ ಕಡೆ ಇದು ದಿನನಿತ್ಯದ ಮಾತು, ಅದರ ಹಿಂದಿರುವುದು ಪ್ರೀತಿಯೇ. ಆದರೆ ಮೂರು ವಾರದಲ್ಲಿ ದವಡೆಯ ಭಾಗವನ್ನೇ ತೆಗೆಯಬೇಕಾದವರಿಗೆ ಹುಣ್ಣು ಎಂದು ಹೇಳಿಟ್ಟರೆ ಯಾವ ತಯಾರಿಗೂ ಅರ್ಥವಿರುವುದಿಲ್ಲ. ಹುಣ್ಣಿಗಾಗಿ ಯಾರೂ ಬೆಳಿಗ್ಗೆ ಎದ್ದು ನಡೆಯುವುದಿಲ್ಲ, ನಲವತ್ತು ವರ್ಷದ ಹೊಗೆಸೊಪ್ಪು ಬಿಡುವುದಿಲ್ಲ. ಮಗನ ಮಾತು ಮೀರಿ ಹೇಳುವುದಿಲ್ಲ ಎಂದು ಒಪ್ಪಿಕೊಂಡೆ. ತಾಯಿಗೆ ಈಗಾಗಲೇ ಏನು ಗೊತ್ತಿದೆ ಎಂದು ಕೇಳಲು ಮಾತ್ರ ಅನುಮತಿ ಕೇಳಿದೆ. ಒಪ್ಪಿದ.

“ಅಮ್ಮ, ನಿಮಗೆ ಏನಾಗಿದೆ ಅಂತ ಅನ್ಸುತ್ತೆ?”

ಅವರು ಸೆರಗಿನಿಂದ ಬಾಯಿ ಒರೆಸಿಕೊಂಡು ನಿಧಾನಕ್ಕೆ ಹೇಳಿದರು: “ಹುಣ್ಣಲ್ಲ ಕಣವ್ವ ಇದು. ಹುಣ್ಣಾಗಿದ್ರೆ ನನ್ ಮಗ ಆಟೊ ನಿಲ್ಸಿ ನನ್ ಜೊತೆ ಬೆಂಗಳೂರು ಸುತ್ತುತ್ತಿದ್ನಾ?” ಆಮೇಲೆ ಅವರು ಕೇಳಿದ ಮೊದಲ ಪ್ರಶ್ನೆ ಸಾವಿನದಲ್ಲ. “ಕುರಿ ಮಾರವ್ನಾ?”

ಮಾರಿರಲಿಲ್ಲ. ಬಿಪಿಎಲ್ ಕಾರ್ಡ್ ಇದ್ದುದರಿಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ, ಆಪರೇಷನ್‌ಗೆ ಕೈಯಿಂದ ದುಡ್ಡು ಕಟ್ಟಬೇಕಿಲ್ಲ ಎಂದು ಬಿಡಿಸಿ ಹೇಳಿದೆ. ಬಸ್ಸಿನ ಖರ್ಚು, ಊಟ, ಮಗನ ದಿನದ ದುಡಿಮೆ ಹೋಗುವುದು ಆ ಯೋಜನೆಯಲ್ಲಿ ಬರುವುದಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ. ಲೆಕ್ಕ ಸ್ಪಷ್ಟವಾದ ಮೇಲೆ ಅವರು ಮೊದಲ ಸಲ ಕುರ್ಚಿಗೆ ಒರಗಿ ಕೂತರು. ಮನಸ್ಸನ್ನು ಅಣಿಮಾಡುವುದೆಂದರೆ ಧೈರ್ಯದ ಮಾತು ಹೇಳುವುದು ಎಂದುಕೊಳ್ಳುವವರು ಬಹಳ. ನಾನು ಕಂಡಂತೆ ಬಡ ಮನೆಗಳಲ್ಲಿ ಅದು ಹಣದ ಲೆಕ್ಕದಿಂದ ಶುರುವಾಗುತ್ತದೆ.

ಅದೇ ದಿನ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸರ್ಜನ್ ಎಲ್ಲವನ್ನೂ ಹೇಳಿದರು. ಕೆನ್ನೆಯ ಒಳಭಾಗ, ಕೆಳದವಡೆಯ ಒಂದು ಭಾಗ, ಕುತ್ತಿಗೆಯ ಗಂಟುಗಳು ಹೋಗುತ್ತವೆ. ಆ ಜಾಗಕ್ಕೆ ಎದೆಯ ಮೇಲಿನ ಸ್ನಾಯುವನ್ನು ಚರ್ಮದ ಸಮೇತ ತಿರುಗಿಸಿ ತಂದು ಹೊಲಿಯುತ್ತಾರೆ. ಕೆಲವು ದಿನ ಕುತ್ತಿಗೆಯಲ್ಲಿ ಉಸಿರಾಡಲು ತೂತು, ಮೂಗಿನಲ್ಲಿ ಊಟದ ನಳಿಕೆ. ಹೇಳುವಾಗ ಅವರದೇ ಕೆನ್ನೆಯ ಮೇಲೆ ಬೆರಳಿಟ್ಟು ಎಲ್ಲಿಂದ ಎಲ್ಲಿಯವರೆಗೆ ಎಂದು ತೋರಿಸಿದರು. ಮಗ ಅತ್ತ. ತಾಯಿ ಅಳಲಿಲ್ಲ. “ಆಮ್ಯಾಲೆ ಮುದ್ದೆ ನುಂಗ್ಬೋದಾ?” ಎಂದು ಕೇಳಿದರು. ಮುಂದಿನ ತಿಂಗಳುಗಳಲ್ಲಿ ಇಡೀ ತಂಡ ಕೆಲಸ ಮಾಡಿದ್ದು ಆ ಪ್ರಶ್ನೆಗಾಗಿಯೇ.

ಸಂಕಟ ಎಷ್ಟಿದೆ ಎಂದು ಅಳೆಯಲು ಸೊನ್ನೆಯಿಂದ ಹತ್ತರವರೆಗೆ ಗುರುತು ಇರುವ ಒಂದು ಪಟ್ಟಿ ನಮ್ಮಲ್ಲಿದೆ. ನಾಲ್ಕು ಅಥವಾ ಅದಕ್ಕಿಂತ ಹೆಚ್ಚಾದರೆ ಸಮಾಲೋಚನೆ ಬೇಕೆಂದು ಲೆಕ್ಕ. ಅವರಿಗೆ ಓದು ಬಾರದು. ಹಾಗಾಗಿ ಚೊಂಬಿನ ಚಿತ್ರ ಬರೆದು ಹತ್ತು ಗೆರೆ ಎಳೆದು, ನಿಮ್ಮ ಸಂಕಟ ಎಲ್ಲಿವರೆಗೆ ತುಂಬಿದೆ ತೋರಿಸಿ ಎಂದೆ. ಎಂಟನೇ ಗೆರೆ ಮುಟ್ಟಿದರು. ಅದರಲ್ಲಿ ಏನೇನಿದೆ ಎಂದು ಕೇಳುತ್ತ ಹೋದಾಗ ಒಂದೊಂದೇ ಹೊರಬಂತು. ಕತ್ತಿ ಹಾಕಿದರೆ ಗಾಳಿ ತಾಗಿ ರೋಗ ಮೈಯೆಲ್ಲ ಹರಡುತ್ತದೆ ಎಂದು ಊರಿನವರು ಹೇಳಿದ್ದರು. ಕುತ್ತಿಗೆಯ ತೂತು ಸಾಯುವವರೆಗೂ ಹಾಗೇ ಉಳಿಯುತ್ತದೆ ಎಂದುಕೊಂಡಿದ್ದರು. ಎಲ್ಲಕ್ಕಿಂತ ಮೇಲಾಗಿ, ಸೊಸೆ ತನಗೆ ಉಣಿಸಬೇಕಾಗುತ್ತದಲ್ಲ ಎಂಬ ನಾಚಿಕೆ. ಗಾಳಿಯ ಮಾತಿಗೆ ಸರ್ಜನ್ ಉತ್ತರ ಕೊಟ್ಟರು: ಗಾಳಿ ತಾಗಿ ಕ್ಯಾನ್ಸರ್ ಹರಡುವುದಿಲ್ಲ, ತಡವಾಗಿ ಬಂದವರಲ್ಲಿ ಆಪರೇಷನ್ ಆದ ಮೇಲೂ ರೋಗ ಮರುಕಳಿಸುವುದುಂಟು, ಅದನ್ನು ನೋಡಿದ ಊರು ಕತ್ತಿಯನ್ನು ದೂರುತ್ತದೆ. ತೂತಿನ ವಿಷಯಕ್ಕೆ ವಾರ್ಡಿನಲ್ಲಿ ಗುಣವಾಗುತ್ತಿದ್ದ, ತೂತು ಮುಚ್ಚಿಕೊಂಡಿದ್ದ ಒಬ್ಬ ಹೆಂಗಸನ್ನು ಅವರ ಒಪ್ಪಿಗೆ ಪಡೆದು ಭೇಟಿ ಮಾಡಿಸಿದೆ. ಇಬ್ಬರೂ ಬಹಳ ಹೊತ್ತು ಕೂತು ಮಾತಾಡಿದರು. ನಾನು ಪಕ್ಕದಲ್ಲಿರಲಿಲ್ಲ, ಇರಬೇಕಾಗಿಯೂ ಇರಲಿಲ್ಲ.

ಮೊದಲು ನೋವು, ಆಮೇಲೆ ಊಟ

ಅವರು ಊಟ ಬಿಟ್ಟದ್ದು ಹಸಿವಿಲ್ಲದೆ ಅಲ್ಲ, ನೋವಿಗೆ ಹೆದರಿ. ಹೊಗೆಸೊಪ್ಪು ಬಿಡದೆ ಇದ್ದದ್ದೂ ಅದಕ್ಕೇ. “ಇಟ್ಕೊಂಡ್ರೆ ಜೋಮು ಹಿಡಿದಂಗಾಗಿ ನೋವು ಗೊತ್ತಾಗಲ್ಲ” ಎಂದರು. ಈ ಒಂದು ಮಾತು ಕೇಳಿಸದೆ ಹೋಗಿದ್ದರೆ ಹೊಗೆಸೊಪ್ಪು ಬಿಡಿ ಎಂದು ಎಷ್ಟು ಹೇಳಿದರೂ ವ್ಯರ್ಥವಾಗುತ್ತಿತ್ತು. ನೋವಿನ ವಿಭಾಗದವರು ಮಾರ್ಫಿನ್ ಮಾತ್ರೆಯನ್ನು ಸಣ್ಣ ಪ್ರಮಾಣದಲ್ಲಿ, ಮಲಬದ್ಧತೆಯಾಗದಂತೆ ಜೊತೆಗೊಂದು ಔಷಧಿ ಕೊಟ್ಟು ಶುರು ಮಾಡಿದರು. ಮಾರ್ಫಿನ್ ಎಂದರೆ ಕೊನೆಗಾಲದ ಔಷಧಿ ಎಂದು ಮಗ ಗಾಬರಿಯಾದ. ನೋವಿಗೆ ಮಾತ್ರ, ಆಪರೇಷನ್ ಆದಮೇಲೆ ಕ್ರಮೇಣ ನಿಲ್ಲಿಸಬಹುದು ಎಂದು ವೈದ್ಯರು ಒಪ್ಪಿಸಿದರು. ಎರಡು ದಿನದಲ್ಲಿ ನಿದ್ದೆ ಬಂತು, ಗಂಜಿ ಒಳಗಿಳಿಯಿತು. ಬಾಯಲ್ಲಿ ಹುಣ್ಣಿದ್ದು ದವಡೆಯೂ ತೆರೆಯದ ಕಾರಣ ನಿಕೊಟಿನ್ ಚೂಯಿಂಗ್ ಗಮ್ ಕೊಡುವಂತಿರಲಿಲ್ಲ, ತೋಳಿಗೆ ಅಂಟಿಸುವ ಪ್ಯಾಚ್ ಕೊಟ್ಟರು. ತಂಬಾಕು ಬಿಡುವವರಿಗೆ 1800-11-2356 ಎಂಬ ಉಚಿತ ಸಹಾಯವಾಣಿ ಇದೆ. ಸೊಸೆ ಅಲ್ಲಿಗೂ ಫೋನ್ ಮಾಡಿದಳು. ನಡುವೆ ಒಮ್ಮೆ ತಡೆಯಲಾರದೆ ಹಾಕಿಕೊಂಡರಂತೆ. ಯಾರೂ ಬೈಯಲಿಲ್ಲ. ಮಾರನೆಯ ದಿನದಿಂದ ಮತ್ತೆ ಬಿಟ್ಟರು.

ಊಟದ ಲೆಕ್ಕವನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ, ಏಕೆಂದರೆ ಇಲ್ಲಿ ನಡೆದದ್ದು ಯಾವ ಹಳ್ಳಿ ಮನೆಯಲ್ಲೂ ನಡೆಯಬಹುದು. ಕ್ಯಾನ್ಸರ್ ರೋಗಿಗೆ ದಿನಕ್ಕೆ ಕೆ.ಜಿ. ತೂಕಕ್ಕೆ 25ರಿಂದ 30 ಕ್ಯಾಲೊರಿ, 1ರಿಂದ 1.5 ಗ್ರಾಂ ಪ್ರೋಟೀನ್ ಬೇಕು. 41 ಕೆ.ಜಿ.ಯ ಇವರಿಗೆ ಮೇಲಿನ ಮಿತಿ ಹಿಡಿದರೆ ಸುಮಾರು 1,230 ಕ್ಯಾಲೊರಿ, 60 ಗ್ರಾಂ ಪ್ರೋಟೀನ್. ಅವರು ಕುಡಿಯುತ್ತಿದ್ದದ್ದು ನೀರು ಗಂಜಿ ಮತ್ತು ಟೀ. ಡಬ್ಬಿಯಲ್ಲಿ ಬರುವ ಪ್ರೋಟೀನ್ ಪುಡಿ ಬರೆದುಕೊಡುವುದು ಸುಲಭ. ಆದರೆ ಒಂದು ಡಬ್ಬಿ ಮುಗಿದ ಮೇಲೆ ಈ ಮನೆಯಲ್ಲಿ ಎರಡನೆಯದು ಬರುವುದಿಲ್ಲ. ನಮ್ಮ ಆಹಾರ ತಜ್ಞೆ ಸೊಸೆಯನ್ನು ಕೂರಿಸಿಕೊಂಡು ಮನೆಯಲ್ಲಿ ಏನಿದೆ ಎಂದು ಕೇಳಿದರು. ಕಡಲೆಕಾಯಿ ಇತ್ತು, ರಾಗಿ ಇತ್ತು, ನಾಲ್ಕು ನಾಟಿ ಕೋಳಿ ಇದ್ದವು. ಹಾಲು ಪಕ್ಕದ ಮನೆಯಿಂದ. ಹುರಿದು ಸಿಪ್ಪೆ ತೆಗೆದು ನುಣ್ಣಗೆ ಪುಡಿ ಮಾಡಿದ ಕಡಲೆಕಾಯಿ 50 ಗ್ರಾಂ, ರಾಗಿ ಹಿಟ್ಟು 100 ಗ್ರಾಂ, ಹೆಸರುಬೇಳೆ 50 ಗ್ರಾಂ, ಅರ್ಧ ಲೀಟರ್ ಹಾಲು, ಎರಡು ಮೊಟ್ಟೆ: ಇಷ್ಟರಲ್ಲೇ ಆ 60 ಗ್ರಾಂ ಪ್ರೋಟೀನ್ ಬಂದುಬಿಡುತ್ತದೆ, ಬೆಲ್ಲ ಮತ್ತು ಒಂದು ಚಮಚ ತುಪ್ಪ ಸೇರಿದರೆ ಕ್ಯಾಲೊರಿಯೂ ದಾಟುತ್ತದೆ. ಸೋಮವಾರ ಅವರು ಮೊಟ್ಟೆ ಮುಟ್ಟುವುದಿಲ್ಲ. ಆ ದಿನ ಹೆಸರುಬೇಳೆ ಪಾಯಸ ಹೆಚ್ಚು. ಖಾರ, ಹುಳಿ ಇಲ್ಲ. ದಿನಕ್ಕೆ ಆರು ಸಲ, ಒಂದೊಂದು ಲೋಟ. ಬಹಳ ದಿನ ಉಪವಾಸವಿದ್ದ ದೇಹಕ್ಕೆ ಒಮ್ಮೆಗೇ ಹೇರಬಾರದೆಂದು ನಾಲ್ಕೈದು ದಿನದಲ್ಲಿ ಸ್ವಲ್ಪಸ್ವಲ್ಪವೇ ಏರಿಸಿದರು. ಮೊದಲ ವಾರದಲ್ಲೂ ತೂಕ ಇಳಿದರೆ ಆಪರೇಷನ್‌ಗೆ ಮುಂಚೆಯೇ ಮೂಗಿನ ನಳಿಕೆ ಹಾಕುವುದೆಂದು ಮಾತಾಗಿತ್ತು. ಅದರ ಅಗತ್ಯ ಬೀಳಲಿಲ್ಲ.

ಈ ಊಟದಲ್ಲಿ ಅಡ್ಡಿ ಬಂದದ್ದು ಒಂದೇ ಕಡೆ. ಮನೆಯಲ್ಲಿ ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವುದು ಅವರ ಜೀವಮಾನದ ರೂಢಿ. ಮೊಮ್ಮಕ್ಕಳ ಮುಂದೆ ತಾನೊಬ್ಬಳೇ ಮೊಟ್ಟೆ, ಹಾಲು ಕುಡಿಯಲು ಅವರಿಗೆ ಮನಸ್ಸು ಬರುತ್ತಿರಲಿಲ್ಲ. ಸೊಸೆ ಅದನ್ನು ತಾನೇ ಬಗೆಹರಿಸಿದಳು: ಆರು ಹೊತ್ತಿನಲ್ಲಿ ನಾಲ್ಕನ್ನು ಮಕ್ಕಳು ಶಾಲೆಯಲ್ಲಿರುವಾಗಲೇ ಮುಗಿಸಿದಳು.

ರಕ್ತಹೀನತೆಗೆ ಮಾತ್ರೆ ಕೊಟ್ಟು ಕಾಯಲು ಸಮಯವಿರಲಿಲ್ಲ, ಕಬ್ಬಿಣಾಂಶವನ್ನು ಡ್ರಿಪ್ ಮೂಲಕ ಕೊಟ್ಟರು.

ಜಗಲಿ ಕಟ್ಟೆಯ ವ್ಯಾಯಾಮ

ದೊಡ್ಡ ಆಪರೇಷನ್ ಆದವರಿಗೆ ಶ್ವಾಸಕೋಶದಲ್ಲಿ ಕಫ ನಿಂತು ನ್ಯುಮೋನಿಯಾ ಆಗುವುದೊಂದು ದೊಡ್ಡ ಅಪಾಯ. ಅದಕ್ಕಾಗಿ ಮೂರು ಚೆಂಡಿನ ಉಸಿರಾಟದ ಉಪಕರಣ ಕೊಡುತ್ತೇವೆ. ಹುಣ್ಣಿನಿಂದಾಗಿ ಇವರಿಗೆ ತುಟಿ ಬಿಗಿಹಿಡಿಯಲು ಆಗುತ್ತಿರಲಿಲ್ಲ, ಚೆಂಡು ಏಳುತ್ತಲೇ ಇರಲಿಲ್ಲ. ಫಿಸಿಯೊಥೆರಪಿಸ್ಟ್ ಅದನ್ನು ಪಕ್ಕಕ್ಕಿಟ್ಟು, ಪಕ್ಕೆಲುಬಿನ ಮೇಲೆ ಎರಡೂ ಕೈ ಇಟ್ಟುಕೊಂಡು ಮೂಗಿನಿಂದ ಆಳವಾಗಿ ಉಸಿರೆಳೆದು, ಮೂರು ಎಣಿಸುವಷ್ಟು ಹಿಡಿದು, ‘ಹಾ’ ಎಂದು ಜೋರಾಗಿ ಬಿಡುವುದನ್ನು ಕಲಿಸಿದರು. ಎರಡು ಗಂಟೆಗೊಮ್ಮೆ ಹತ್ತು ಸಲ.

ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮ ಹೇಳಿದಾಗ ಮನೆಯಲ್ಲಿ ಕುರ್ಚಿಯೇ ಇಲ್ಲವೆಂದು ತಿಳಿಯಿತು. ಜಗಲಿ ಕಟ್ಟೆ ಆ ಕೆಲಸಕ್ಕೆ ಸರಿಹೋಯಿತು. ವಾಕಿಂಗ್ ಎಂಬುದು ಪೇಟೆಯವರ ಕೆಲಸವೆಂದು ಅವರಿಗೆ ಸಂಕೋಚ, ಅದಕ್ಕೇ ಬೆಳಿಗ್ಗೆ ಸಂಜೆ ಸೊಸೆಯ ಜೊತೆ ಕುರಿ ಹೊಡೆದುಕೊಂಡು ಹೋಗತೊಡಗಿದರು. ಕುತ್ತಿಗೆಯ ಗಂಟು ತೆಗೆಯುವಾಗ ಹೆಗಲೆತ್ತುವ ನರಕ್ಕೆ ಪೆಟ್ಟಾಗಬಹುದು. ಎದೆಯ ಸ್ನಾಯುವೂ ಹೋಗುತ್ತದೆ. ಹಾಗಾಗಿ ಬೆರಳುಗಳಿಂದ ಗೋಡೆ ಹತ್ತುವ ವ್ಯಾಯಾಮವನ್ನು ನೋವಿಲ್ಲದಾಗಲೇ ಅಭ್ಯಾಸ ಮಾಡಿಸಿದರು. ಆಪರೇಷನ್ ಆದ ಮೇಲೆ ನೋವಿನಲ್ಲಿ ಹೊಸದಾಗಿ ಕಲಿಯುವುದಕ್ಕೂ ಗೊತ್ತಿದ್ದದ್ದನ್ನು ಮತ್ತೆ ಶುರು ಮಾಡುವುದಕ್ಕೂ ಬಹಳ ವ್ಯತ್ಯಾಸವಿದೆ.

ಮಾತಿಲ್ಲದ ಊಟದ ಅಭ್ಯಾಸ

ಕುತ್ತಿಗೆಯಲ್ಲಿ ತೂತಿರುವಾಗ ದನಿ ಹೊರಡುವುದಿಲ್ಲ. ಸಾಮಾನ್ಯವಾಗಿ ನಾವು ಸ್ಲೇಟು ಅಥವಾ ಪುಸ್ತಕ ಕೊಡುತ್ತೇವೆ. ಓದು ಬರಹ ಬಾರದ ಈ ತಾಯಿಗೆ ಅದರಿಂದ ಏನೂ ಪ್ರಯೋಜನವಿಲ್ಲ. ಎಚ್ಚರವಾದಾಗ ದನಿಯಿಲ್ಲ, ಕೈಕಾಲಿಗೆ ನಳಿಕೆಗಳು, ಸುತ್ತ ಗುರುತಿಲ್ಲದವರು: ರೋಗಿಗಳು ಆಮೇಲೆ ಅತಿ ಭಯಂಕರವೆಂದು ನೆನೆಯುವ ಹೊತ್ತು ಇದೇ. ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಒಂದು ರಟ್ಟಿನ ಮೇಲೆ ಚಿತ್ರ ಬರೆದೆವು. ನೀರು, ನೋವು, ಕಫ ತೆಗೆಯಿರಿ, ಒಂದಕ್ಕೆ ಹೋಗಬೇಕು, ಚಳಿ, ಮಗನನ್ನು ಕರೆಯಿರಿ. ಏನು ಬೇಕೆಂದು ಅವರೇ ಹೇಳಿದರು. ಕೊನೆಗೆ ಕುರಿಯ ಚಿತ್ರವನ್ನೂ ಬರೆಸಿದರು: ಮನೆಯಲ್ಲಿ ಎಲ್ಲ ಹೇಗಿದೆ ಎಂದು ಕೇಳಲು. ರಟ್ಟು ಕೈಗೆ ಸಿಗದಾಗ ಮುಷ್ಟಿ ಬಿಗಿದರೆ ನೋವು, ಎದೆ ತಟ್ಟಿದರೆ ಕಫ ಎಂದು ಸನ್ನೆ ಗೊತ್ತುಮಾಡಿಕೊಂಡೆವು. ಮನೆಗೆ ಹೋಗಿ ಒಂದು ಸಂಜೆ ಅತ್ತೆ ಸೊಸೆ ಇಬ್ಬರೂ ಮಾತಿಲ್ಲದೆ ಅಡುಗೆ, ಊಟ ಮುಗಿಸಿದರಂತೆ. ಸೊಸೆ ಉಣಿಸುವ ನಾಚಿಕೆಯೂ ಆ ಸಂಜೆಯೇ ಅರ್ಧ ಕರಗಿತು ಎಂದು ಆಮೇಲೆ ಸೊಸೆಯಿಂದ ಕೇಳಿದೆ. ಇಡೀ ತಯಾರಿಯಲ್ಲಿ ಯಾವುದು ಮುಖ್ಯ ಎಂದು ನನ್ನನ್ನು ಕೇಳಿದರೆ ಈ ರಟ್ಟನ್ನೇ ತೋರಿಸುತ್ತೇನೆ.

ಆಪರೇಷನ್ ದಿನ ಮತ್ತು ಆಮೇಲೆ

ತಯಾರಿಗಾಗಿ ದಿನಾಂಕವನ್ನು ಮುಂದೂಡಿರಲಿಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಬಾಯಿಯ ಕ್ಯಾನ್ಸರ್ ಕಾಯುವ ರೋಗವಲ್ಲ. ಹೇಗೂ ಇದ್ದ ಮೂರು ವಾರವನ್ನಷ್ಟೇ ಬಳಸಿಕೊಂಡೆವು. ಆ ಹೊತ್ತಿಗೆ ತೂಕ 42.3 ಕೆ.ಜಿ., ಹಿಮೋಗ್ಲೋಬಿನ್ 10.2, ಆರು ನಿಮಿಷದ ನಡಿಗೆ 352 ಮೀಟರ್. ಚೊಂಬಿನ ಗೆರೆ ಎಂಟರಿಂದ ನಾಲ್ಕಕ್ಕೆ ಇಳಿದಿತ್ತು. ಬಾಯಿ ತೆರೆಯುವ ಅಳತೆ ಮಾತ್ರ ಒಂದಿಷ್ಟೂ ಬದಲಾಗಲಿಲ್ಲ. ಗಡ್ಡೆಯೇ ಹಿಡಿದಿಟ್ಟುಕೊಂಡಿದ್ದ ದವಡೆ ವ್ಯಾಯಾಮಕ್ಕೆ ಬಗ್ಗುವುದಿಲ್ಲ. ಅರಿವಳಿಕೆ ವೈದ್ಯರು ಎಚ್ಚರವಿರುವಾಗಲೇ ಮೂಗಿನ ಮೂಲಕ ಸಣ್ಣ ಕ್ಯಾಮೆರಾ ನಳಿಕೆ ಇಳಿಸಿ ಉಸಿರಿನ ದಾರಿ ಮಾಡಬೇಕಾಯಿತು. ಅದನ್ನೂ ಮುಂಚೆಯೇ ವಿವರಿಸಿದ್ದರಿಂದ ಅವರು ಕದಲದೆ ಸಹಕರಿಸಿದರು. ಮುಂದೆ ರೇಡಿಯೇಷನ್ ಬೀಳುವ ಜಾಗದಲ್ಲಿ ಹುಳುಕಾಗಿದ್ದ ಎರಡು ಹಲ್ಲುಗಳನ್ನೂ ಅದೇ ಆಪರೇಷನ್‌ನಲ್ಲಿ ತೆಗೆದರು. ರೇಡಿಯೇಷನ್ ಆದ ಮೂಳೆಯಿಂದ ಆಮೇಲೆ ಹಲ್ಲು ಕೀಳಿಸಿದರೆ ಗಾಯ ಮಾಯದೆ ಮೂಳೆ ಕೊಳೆಯುವ ಭಯವಿದೆ.

ಎರಡನೇ ದಿನ ಹಿಡಿದುಕೊಂಡು ನಡೆದರು. ರಟ್ಟಿನಲ್ಲಿ ಮೊದಲು ಮುಟ್ಟಿದ್ದು ಕಫದ ಚಿತ್ರ, ಅದೇ ಸಂಜೆ ಕುರಿಯದ್ದು. ಆರನೇ ದಿನ ಕುತ್ತಿಗೆಯ ನಳಿಕೆ ತೆಗೆದರು. ನ್ಯುಮೋನಿಯಾ ಆಗಲಿಲ್ಲ. ಆದರೆ ಎಲ್ಲವೂ ಸುಗಮವಾಗಿರಲಿಲ್ಲ. ಬಾಯೊಳಗಿನ ಹೊಲಿಗೆ ಒಂದು ಕಡೆ ಬಿಟ್ಟುಕೊಂಡು ಜೊಲ್ಲು ಸೋರತೊಡಗಿತು. ಡ್ರೆಸಿಂಗ್‌ನಲ್ಲೇ ಅದು ಮುಚ್ಚಿತು, ಆದರೆ ಮೂಗಿನ ನಳಿಕೆ ಅಂದುಕೊಂಡದ್ದಕ್ಕಿಂತ ಹೆಚ್ಚು ದಿನ ಉಳಿಯಿತು. ಇಷ್ಟು ದೊಡ್ಡ ಆಪರೇಷನ್‌ನಲ್ಲಿ ಹೀಗಾಗುವುದು ಅಪರೂಪವಲ್ಲ, ಅದರಲ್ಲೂ ಮೊದಲೇ ಸೊರಗಿ ಬಂದವರಲ್ಲಿ. ಮೂರು ವಾರದ ಊಟ ಐದು ತಿಂಗಳ ಉಪವಾಸವನ್ನು ಪೂರ್ತಿ ತುಂಬಿಕೊಡಲಾರದು.

ಇನ್ನೊಂದು ಕಡೆ ನಮ್ಮ ತಯಾರಿ ತಲುಪಲೇ ಇಲ್ಲ: ಮುಖ. ಊತ, ಹೊಲಿಗೆ, ಒಂದು ಪಕ್ಕಕ್ಕೆ ಎಳೆದ ತುಟಿ. ಮೊದಲೇ ಹೇಳಿದ್ದೆವು, ಫೋಟೊ ತೋರಿಸಿದ್ದೆವು, ಗುಣವಾದವರನ್ನು ಭೇಟಿ ಮಾಡಿಸಿದ್ದೆವು. ಆದರೂ ಕಿರಿಯ ಮೊಮ್ಮಗು ಹತ್ತಿರ ಬರಲು ಹೆದರಿದಾಗ ಅವರು ಎರಡು ದಿನ ಗೋಡೆ ಕಡೆ ತಿರುಗಿ ಮಲಗಿದರು. ತನ್ನ ಮುಖವನ್ನು ಕಳೆದುಕೊಳ್ಳುವ ದುಃಖಕ್ಕೆ ಮುಂಚಿತವಾಗಿ ಮಾಡಿಕೊಳ್ಳುವ ಸಿದ್ಧತೆ ಎಂಬುದು ಇದೆಯೋ ಇಲ್ಲವೋ, ಇದ್ದರೂ ಬಹಳ ಕಡಿಮೆ ಎಂದೇ ನನಗನ್ನಿಸುತ್ತದೆ. ಅದನ್ನು ಅನುಭವಿಸಿಯೇ ದಾಟಬೇಕು, ನಾವು ಜೊತೆಗಿರಬೇಕು. ಮಗುವನ್ನು ದಿನಾ ಸ್ವಲ್ಪ ಹೊತ್ತು ಕರೆದುಕೊಂಡು ಬಂದು, ಅಜ್ಜಿಯ ಕೈ ಹಿಡಿಸಿ ಕೂರಿಸತೊಡಗಿದೆವು. ವಾರದೊಳಗೆ ಮಗು ತೊಡೆಯೇರಿತು.

ಅಧ್ಯಯನಗಳು ಹೇಳುವುದು

ಒಂದು ಪ್ರಕರಣದಿಂದ ಏನನ್ನೂ ಸಾಬೀತು ಮಾಡಲಾಗದು. ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ತಂಡ 2014ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆರವಿಗೆ ಬರುತ್ತದೆ. ದೊಡ್ಡ ಕರುಳಿನ ಕ್ಯಾನ್ಸರ್ ಆಪರೇಷನ್‌ಗೆ ಕಾಯುತ್ತಿದ್ದ 77 ಜನರಲ್ಲಿ ಒಂದು ಗುಂಪಿಗೆ ವ್ಯಾಯಾಮ, ಪ್ರೋಟೀನ್, ಆತಂಕ ಇಳಿಸುವ ಅಭ್ಯಾಸ ಮೂರನ್ನೂ ಆಪರೇಷನ್‌ಗೆ ಮುಂಚಿನಿಂದ ಕೊಟ್ಟರು, ಇನ್ನೊಂದಕ್ಕೆ ಆಪರೇಷನ್ ಆದ ಮೇಲೆ. ಎಂಟು ವಾರದ ಹೊತ್ತಿಗೆ ಮೊದಲ ಗುಂಪಿನ ಶೇ. 84 ಜನ ತಮ್ಮ ಮೊದಲಿನ ನಡಿಗೆಗೆ ಮರಳಿದ್ದರು, ಎರಡನೆಯದರಲ್ಲಿ ಶೇ. 62. 2023ರಲ್ಲಿ ಬಂದ, 251 ರೋಗಿಗಳ ಇನ್ನೊಂದು ಅಧ್ಯಯನದಲ್ಲಿ ಅಣಿಯಾಗಿ ಬಂದವರಲ್ಲಿ ಗಂಭೀರ ತೊಂದರೆಗಳು ಶೇ. 17.1, ಉಳಿದವರಲ್ಲಿ ಶೇ. 29.7. ಇವೆರಡೂ ಕರುಳಿನ ಕ್ಯಾನ್ಸರಿನವು. ನುಂಗಲೂ ಆಗದ ಬಾಯಿಯ ರೋಗಿಗೆ ಆ ಅಂಕಿಗಳನ್ನು ಹಾಗೇ ತಂದು ಹೊಂದಿಸಬಾರದು. ಮೂರನ್ನೂ ಒಟ್ಟಿಗೆ, ಮುಂಚೆಯೇ ಶುರು ಮಾಡುವ ಕ್ರಮವನ್ನು ಮಾತ್ರ ನಾವು ಅಲ್ಲಿಂದ ತೆಗೆದುಕೊಂಡೆವು.

ರೇಡಿಯೇಷನ್ ಮತ್ತು ಈಗಿನ ಸ್ಥಿತಿ

ಆಪರೇಷನ್ ಆದ ಆರನೇ ವಾರದಲ್ಲಿ ರೇಡಿಯೇಷನ್ ಶುರುವಾಯಿತು. ವಾರಕ್ಕೆ ಐದು ದಿನ, ಒಟ್ಟು 30 ಸಲ, 60 ಗ್ರೇ (ರೇಡಿಯೇಷನ್ ಪ್ರಮಾಣ ಅಳೆಯುವ ಮಾನ). ಮುಖಕ್ಕೆ ಬಿಗಿಯಾದ ಮಾಸ್ಕ್ ಹಾಕಿ ಮೇಜಿಗೆ ಕ್ಲಿಪ್ ಮಾಡುವುದರಿಂದ ಬಹಳ ಜನ ಗಾಬರಿಯಾಗುತ್ತಾರೆ. ಮುಂಚಿನ ದಿನ ಮಾಸ್ಕನ್ನು ಅವರ ಕೈಗೇ ಕೊಟ್ಟು ನೋಡಲು ಬಿಟ್ಟೆವು, ಒಳಗೆ ಮಲಗಿದಾಗ ಕೈ ಎತ್ತಿದರೆ ಯಂತ್ರ ನಿಲ್ಲಿಸುತ್ತಾರೆ ಎಂದು ತೋರಿಸಿದೆವು. ಕೈ ಎತ್ತುವ ಪ್ರಸಂಗ ಬರಲಿಲ್ಲ. ಮೂರನೇ ವಾರದಿಂದ ಬಾಯೆಲ್ಲ ಹುಣ್ಣು, ರುಚಿ ಹೋಯಿತು, ತೂಕ ಮತ್ತೆ ಇಳಿಯಿತು. ಕಡಲೆಕಾಯಿ ಗಂಜಿಯೇ ಮತ್ತೆ ಕೈ ಹಿಡಿಯಿತು. ನಡುವೆ ಒಂದು ದಿನವೂ ತಪ್ಪದೆ 30 ಸಲವೂ ಮುಗಿಸಿದರು. ನಡುವೆ ನಿಂತರೆ ಈ ಚಿಕಿತ್ಸೆಯ ಫಲ ಕುಗ್ಗುತ್ತದೆ, ಹಾಗಾಗಿ ಇದು ಸಣ್ಣ ಮಾತಲ್ಲ.

ಸೊಸೆಯೂ ಕಡ್ಡಿಪುಡಿ ಹಾಕುತ್ತಿದ್ದಳು. ಅತ್ತೆಯ ರೇಡಿಯೇಷನ್ ನಡೆಯುವಾಗ ಅವಳ ಬಾಯಿಯನ್ನೂ ಪರೀಕ್ಷಿಸಿದೆವು. ಬಲಗೆನ್ನೆಯಲ್ಲಿ ಸಣ್ಣ ಬಿಳಿ ಕಲೆ ಇತ್ತು. ಚೂರು ತೆಗೆದು ಪರೀಕ್ಷೆಗೆ ಕಳಿಸಿದಾಗ ಕ್ಯಾನ್ಸರ್ ಇರಲಿಲ್ಲ. ಅವಳು ಬಿಟ್ಟಿದ್ದಾಳೆ, ಅತ್ತೆಯ ಜೊತೆಗೇ ಅವಳೂ ತಪಾಸಣೆಗೆ ಬರುತ್ತಾಳೆ.

ದವಡೆ ಬಿಗಿಯದಂತೆ ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ಇಡುವ ವ್ಯಾಯಾಮ ಈಗಲೂ ನಡೆದಿದೆ. ಕಳೆದ ಸಲ ಅಳೆದಾಗ 27 ಮಿ.ಮೀ. ಕುತ್ತಿಗೆಗೆ ರೇಡಿಯೇಷನ್ ಆದವರಿಗೆ ಥೈರಾಯ್ಡ್ ಕುಗ್ಗಬಹುದಾದ್ದರಿಂದ ಆರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಇದೆ. ಎಡ ಹೆಗಲು ಪೂರ್ತಿ ಏಳುವುದಿಲ್ಲ, ಕೊಡ ಹೊರಲಾಗುವುದಿಲ್ಲ. ಮುದ್ದೆ ನುಂಗುತ್ತಾರೆ: ಮೊದಲಿಗಿಂತ ಮೆತ್ತಗೆ ತೊಳಸಿದ್ದು, ಸಣ್ಣ ಸಣ್ಣ ತುತ್ತು, ಬೇಳೆ ಕಟ್ಟಿನ ಜೊತೆ, ಬಲಗಡೆಯಿಂದ. ಅಗಿಯದೆ ನುಂಗುವ ಊಟವಾದ್ದರಿಂದ ಅದು ಅವರಿಗೆ ಅನ್ನಕ್ಕಿಂತ ಬೇಗ ಒಗ್ಗಿತು.

ಈ ಪ್ರಕರಣ ಮುಗಿದ ಮೇಲೆ ನಮ್ಮ ವಿಭಾಗದ ಮೊದಲ ಭೇಟಿಯ ನಮೂನೆಯಲ್ಲಿ ಕೆಲವು ಪ್ರಶ್ನೆಗಳು ಸೇರಿವೆ. ಅಡುಗೆ ಯಾರು ಮಾಡುತ್ತಾರೆ, ಮನೆಯಲ್ಲಿ ಕಾಳು-ಹಾಲು ಏನಿದೆ, ಓದು ಬರುತ್ತದೆಯೇ, ಕುರ್ಚಿ ಇದೆಯೇ, ರೋಗಿಗೆ ಏನೆಂದು ಹೇಳಿದ್ದೀರಿ, ಚಿಕಿತ್ಸೆ ಆದಮೇಲೆ ರೋಗಿ ಏನು ಮಾಡಲು ಬಯಸುತ್ತಾರೆ. ಇವುಗಳಿಗೆ ಉತ್ತರ ಬರೆದುಕೊಂಡ ದಿನವೇ ತಯಾರಿ ಶುರುವಾಗುತ್ತದೆ. ಥಿಯೇಟರಿನ ದಿನಾಂಕ ಸಿಗುವವರೆಗೆ ಕಾಯುವುದಿಲ್ಲ.